ಗೌಡರ ತಂಬಿಗೆಯ ನೀರು

ಮೂಡಲಗಿ ಬಾಜೂದ ಹಳ್ಳಿಯಿಂದ, ೧೯೩೬

ವೈನಿಯವರಿಗೆ ನಿಮ್ಮ ಕಂಪೌಂಡರ್ ಮೈದುನನ ಶರಣು.

ಇಲ್ಲಿ ಮನೆಗೊಬ್ಬರ ಕಾಲಿನಿಂದ ನಾರುಹುಳು ಇಣುಕುತ್ತದೆ. ಹುಣ್ಣಿನ ಕಾಲಿನವರು ಮೆಟ್ಟಿಲ ಬಾವಿಗೆ ಇಳಿಯುವುದರಿಂದಲೇ ರೋಗ ಹಬ್ಬುತ್ತದೆ, ಮೆಟ್ಟಿಲು ಮುಚ್ಚಿಸಿ ರಾಟೆ ಹಾಕಿಸಿ ಎಂದು ನಮ್ಮ ಡಾಕ್ಟರರು ದೊಡ್ಡ ದೊಡ್ಡ ಸಂಶೋಧನೆಗಳನ್ನೆಲ್ಲ ಊರ ಗೌಡರ ಮುಂದೆ ಓದಿದರು. ಅಡಿವೆಪ್ಪ ಗೌಡರು ಆಕಳಿಸಿ, "ನಮ್ಮಜ್ಜ ಇದ ನೀರ ಕುಡದು ನೂರ ವರ್ಷ ಬಾಳ್ಯಾನ್ರಿ" ಎಂದರು.

ನಿನ್ನೆ ನನಗೆ ತಡೆಯಲಾಗಲಿಲ್ಲ. ಅವರು ಅರ್ಧ ಕುಡಿದಿಟ್ಟ ತಂಬಿಗೆಯ ನೀರನ್ನು ಔಷಧದ ಸೀಸೆಗೆ ಸುರಿದು, ಬಿಸಿಲಿಗೆ ಹಿಡಿದು, ಅವರ ಕೈಗೆ ಭೂತಗನ್ನಡಿ ಕೊಟ್ಟೆ. ನಾರುಹುಳುವಿನ ಮರಿಗಳನ್ನು ಹೊಟ್ಟೆಯಲ್ಲಿ ಹೊರುವ ಸಣ್ಣ ನೀರುಹುಳಗಳು ಕುಪ್ಪಳಿಸುತ್ತಿದ್ದವು. ಈ ಗೌಡರೋ, ಮೀನಿನ ವಾಸನೆ ಬಂದರೆ ಓಣಿಯನ್ನೇ ಬದಲಿಸುವ ಲಿಂಗವಂತರು!

"ತಮ್ಮಾ, ಇವು ಜೀವಂತ ಅದಾವೇನೋ?"

"ಸೀಸೆದಾಗಿನವು ಅದಾವ್ರಿ. ನಿಮ್ಮ ಹೊಟ್ಟ್ಯಾಗ ಹೋದವು ಏನಾದ್ವೋ ಗೊತ್ತಿಲ್ರಿ."

ಸಂಜೆಯೊಳಗೆ ಗೌಂಡಿ ಬಂದ. ಈಗ ಮೆಟ್ಟಿಲಿಗೆ ಅಡ್ಡಗೋಡೆ ಏಳುತ್ತಿದೆ. ಡಾಕ್ಟರರು ಮಾತ್ರ ತಮ್ಮ ಭಾಷಣವೇ ಫಲಿಸಿತೆಂದು ಮೀಸೆ ತಿರುವುತ್ತಿದ್ದಾರೆ.

ನಾನು ಆರಾಮ. ಧೋತರದ ಚುಂಗಿನಲ್ಲಿ ಸೋಸಿಯೇ ನೀರು ಕುಡಿಯುತ್ತೇನೆಂದು ಅವ್ವನಿಗೆ ಹೇಳಿರಿ.

ಇಂದು ಗೌಡರು ಡಾಕ್ಟರರನ್ನೂ ನನ್ನನ್ನೂ ಊಟಕ್ಕೆ ಕರೆದಿದ್ದರು. ನನ್ನ ಕಿಸೆಯಲ್ಲಿ ಭೂತಗನ್ನಡಿ ಕಂಡದ್ದೇ ತಡ, ಗೌಡರೇ ಎದ್ದು ಹೋಗಿ ಮೊಸರಿನ ಗಡಿಗೆಯನ್ನು ಹೆಗಲ ಮೇಲಿನ ವಲ್ಲಿಯಿಂದ ಮುಚ್ಚಿ ನನಗೇ ಕೈಮುಗಿದರು: "ಇದೊಂದ ನೋಡಬ್ಯಾಡ್ರಿ ಡಾಕ್ಟರ್, ಇದನ್ನ ಬಿಟ್ಟು ರೊಟ್ಟಿ ಹೆಂಗ ಉಣ್ಣೂದು!"

ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ,
ಗುರುಪಾದ