ಯಾರೂ ಮೇಲೆ ಬರಲಿಲ್ಲ

ರೆವೆಲ್‌ಸ್ಟೋಕ್, ಭಾನುವಾರ

ಅಕ್ಕಾ,

ಹಿಮದ ಮೇಲೆ ಓಡುವ ಸ್ನೋಮೊಬೈಲ್ ಗಾಡಿ ಓಡಿಸುವವರೆಲ್ಲ ಹುಂಬರು ಎಂದು ಇಲ್ಲಿ ಊರೇ ಹೇಳುತ್ತದೆ; ನಾನೂ ನಂಬಿದ್ದೆ. ನಿನ್ನೆ ಪಕ್ಕದ ಮನೆಯ ಲೋರ್ನ್‌ನ ಗುಂಪಿನೊಡನೆ ಬೆಟ್ಟಕ್ಕೆ ಹೋದೆ. ಕಡಿದಾದ ಇಳಿಜಾರಿನ ನಡುವೆ ನನ್ನ ಗಾಡಿ ಹಿಮದಲ್ಲಿ ಹೂತುಹೋಯಿತು. ಕೆಳಗೆ ದೂರದಲ್ಲಿ ನಿಂತಿದ್ದ ಆರು ಜನರಲ್ಲಿ ಒಬ್ಬರೂ ಬರಲಿಲ್ಲ.

“ನೀನೇ ಅಗೆ ತಾಯಿ, ನಾವು ನೋಡ್ತಿರ್ತೀವಿ!” ಎಂದು ರೇಡಿಯೊದಲ್ಲಿ ಲೋರ್ನ್ ಕೂಗಿದ.

ಮುಕ್ಕಾಲು ಗಂಟೆ ಅಗೆದು, ಕೆಳಗಿಳಿದು, ಅವನಿಗೆ ಬಾಯಿಗೆ ಬಂದಂತೆ ಬೈದೆ.

“ಬೈಯಮ್ಮ. ಇನ್ನೊಂದು ಗಾಡಿಯ ಭಾರ ಬಿದ್ದಿದ್ರೆ ಅಷ್ಟೂ ಹಿಮ ನಿನ್ನ ಮೇಲೇ ಜಾರ್ತಿತ್ತು. ನನ್ನ ತಮ್ಮ ಹೀಗೇ ಸಿಕ್ಕಿಕೊಂಡಾಗ ನಾನು ಮೇಲೆ ಹೋಗಿದ್ದೆ.”

ಭುಜ ನೋಯುತ್ತಿದೆ, ಗಾಬರಿಯಾಗಬೇಡ. ಒಂಬತ್ತು ವರ್ಷ ಪಕ್ಕದಲ್ಲೇ ಇದ್ದೂ, ಅವನಿಗೊಬ್ಬ ತಮ್ಮನಿದ್ದನೆಂದು ನನಗೆ ತಿಳಿದದ್ದು ನಿನ್ನೆ.

ಶ್ರೀಲತಾ