ಕುದುರೆ ಸವಾರಿಗೆ ರೇಷ್ಮೆ ಸೀರೆಯಂತೆ!

೨೭ ಸೆಪ್ಟೆಂಬರ್ ೧೯೪೯, ಮಂಗಳವಾರ. ಭಾಲ್ಕಿ.

ಇನ್ನೂ ಮೈ ಉರಿಯುತ್ತಿದೆ. ದಸರೆಯ ರಜೆಗೆ ನಾಳೆ ಡಾಬಕಾಕ್ಕೆ, ನನ್ನ ಸೋದರಮಾವನ ಹೊಲಮನೆಗೆ ಹೊರಟಿದ್ದೇವೆ. ಅವನು ಸಾಕಿದ ಕುದುರೆಗಳ ಮೇಲೆ ಮನಸಾರೆ ತಿರುಗಬೇಕೆಂಬುದು ನನ್ನ ಆಸೆ. ಅದಕ್ಕೆಂದು ನಮ್ಮ ಯಜಮಾನರ ಹಳೆಯ ದಪ್ಪ ಪೈಜಾಮವನ್ನು ಬಟ್ಟೆಗಂಟಿನಲ್ಲಿ ಇಟ್ಟರೆ, ಅತ್ತೆ ಅದನ್ನು ಎಳೆದು ಅಂಗಳಕ್ಕೆ ಎಸೆದರು.

"ಗಂಡಸರ ಪೈಜಾಮ ಹಾಕ್ಕೊಂಡು ಕುದುರಿ ಹತ್ತತಿ ಏನ? ಮಂದಿ ಏನಂದಾರು? ರೇಷ್ಮಿ ಸೀರಿ ಉಟ್ಕೊಂಡು ಹೋಗು!"

"ಸೀರಿ ಕಾಲಿಡೋ ರಿಕಾಬಿಗೆ ಸಿಕ್ಕಿ ಬಿದ್ರ ಯಾರು ಎತ್ತೋರ್ರಿ?" ಎಂದೆ.

"ಬೀಳೋದಾದ್ರ ಹತ್ತಬ್ಯಾಡ!"

ನಮ್ಮ ಯಜಮಾನರೋ, ಆ ಪೈಜಾಮ ತಮ್ಮದೇ ಅಲ್ಲವೆಂಬಂತೆ ಅಡಿಕೆ ಕತ್ತರಿಸುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ, ನಿಜಾಮನ ರಜಾಕಾರರು ಬರುತ್ತಾರೆಂದು ಊರು ಬಿಟ್ಟು ಓಡುವಾಗ, ಇದೇ ಅತ್ತೆ ಇದೇ ಪೈಜಾಮವನ್ನು ನನಗೆ ತೊಡಿಸಿದ್ದರು. ನನ್ನ ಕುಂಕುಮವನ್ನು ತಮ್ಮ ಸೆರಗಿನಿಂದಲೇ ಒರೆಸಿದ್ದರು. ಕೊರಳಿನ ಲಿಂಗ ಜೋಲಾಡದಂತೆ ಎದೆಗೆ ಬಿಗಿದು ಕಟ್ಟಿ, ತಲೆಗೆ ಮಗನ ಮದುವೆಯ ರುಮಾಲು ಸುತ್ತಿ, "ಗಂಡಸರಂಗ ಕಾಲು ಅಗಲಿಸಿ ಕೂಡು ನನ್ನವ್ವಾ" ಎಂದು ಕುದುರೆ ಹತ್ತಿಸಿದ್ದರು. ಆಗ ಮಂದಿ ಇರಲಿಲ್ಲವೇ? ಜೀವ ಕೈಯಲ್ಲಿ ಹಿಡಿದುಕೊಂಡು ಓಡುವಾಗ ಪೈಜಾಮ ನಡೆಯುತ್ತದೆ, ಖುಷಿಗೆ ಸವಾರಿ ಮಾಡುವಾಗ ಮನೆಯ ಮಾನ ಹೋಗುತ್ತದೆ!

ಪೈಜಾಮವನ್ನು ಅಂಗಳದಿಂದ ತಂದು ಧೂಳು ಕೊಡವಿದೆ. ಇನ್ನು ಗಂಟಿನಲ್ಲಿ ಇಡುವುದಿಲ್ಲ. ಸೀರೆಯೊಳಗೆ ಈಗಲೇ ತೊಟ್ಟುಕೊಂಡು ಕುಳಿತಿದ್ದೇನೆ. ಬೆಳಿಗ್ಗೆ ಅತ್ತೆ ಆ ಗಂಟನ್ನು ಎಷ್ಟು ಸಲ ಬೇಕಾದರೂ ಬಿಚ್ಚಿ ನೋಡಲಿ.