ಅಂತರಿಕ್ಷದವನ ಊರು ಕೇಳಿದ ಅಪರಾಧ

ಅಂತರಶಾಲಾ ವಿಜ್ಞಾನ ಸ್ಪರ್ಧೆಯ ಮುಖ್ಯ ತೀರ್ಪುಗಾರರಾದ ಮಾನ್ಯರೇ,

ನನ್ನ ಮೊಮ್ಮಗಳು ಪೂರ್ವಾಳನ್ನು ತಾವು ತುಂಬಿದ ಸಭೆಯಲ್ಲಿ ‘ಉದ್ಧಟ ಹುಡುಗಿ’ ಎಂದು ಜರಿದು, ಶಾಲೆಯ ತಂಡದಿಂದಲೇ ಕೈಬಿಡಿಸಿದ್ದೀರಿ. ಆರನೆಯ ತರಗತಿಯ ಆ ಕೂಸು ಮಾಡಿದ ಮಹಾಪರಾಧವೇನು? ಅಂತರಿಕ್ಷದ ಉಡುಪು ತೊಟ್ಟವನ ಚಿತ್ರ ತೋರಿಸಿ, ಇವರಿಗೆ ಏನೆನ್ನುತ್ತಾರೆ ಎಂದು ತಾವು ಕೇಳಿದಿರಿ. ಅವಳು “ಸರ್, ಹೇ ಕುಠಲೇ?” ಎಂದು ಮರಾಠಿಯಲ್ಲಿ ಮರುಪ್ರಶ್ನೆ ಹಾಕಿದಳು. ಅಂದರೆ, ಇವರು ಯಾವ ಊರಿನವರು? ಅಷ್ಟೇ. ಸಭೆ ನಕ್ಕಿತು, ತಮ್ಮ ಮುಖ ಕೆಂಪಾಯಿತು.

ಸ್ವಾಮಿ, ನಾವು ಧಾರವಾಡದ ಕಡೆಯವರು. ಪುಣೆಯ ಈ ಧನಕವಡಿಗೆ ಬಂದು ಎಷ್ಟೋ ಕಾಲವಾದರೂ ನಮ್ಮ ಮನೆಗೆ ಯಾರೇ ಬರಲಿ, ನೀರು, ಬೆಲ್ಲ ಕೊಟ್ಟು “ಯಾವೂರ್ರೀ ನಿಮ್ದು?” ಎಂದು ಮೊದಲು ಕೇಳುತ್ತೇವೆ. ಹೆಸರು ಆಮೇಲೆ. ಸಿಲಿಂಡರ್ ತರುವವನಿಗೂ ವಿನಾಯಿತಿ ಇಲ್ಲ. ನೀರು ಕೊಡುವ ಕೆಲಸ ಪೂರ್ವಾಳದು, ಆದ್ದರಿಂದ ಕೇಳುವ ಅಧಿಕಾರವೂ ಅವಳದೇ. ಅದೇ ರೂಢಿಯಲ್ಲಿ ಚಿತ್ರದೊಳಗಿನವನನ್ನೂ ವಿಚಾರಿಸಿದಳು.

ಅದೂ ಇಲ್ಲಿ ಊರು ಕೇಳದೆ ಹೇಳುವುದಾದರೂ ಹೇಗೆ? ಅಮೆರಿಕದವನಾದರೆ ಅಸ್ಟ್ರೋನಾಟ್, ರಷ್ಯಾದವನಾದರೆ ಕಾಸ್ಮೊನಾಟ್. ಚೀನಾದವನನ್ನು ಹೊರಗಿನ ಪತ್ರಿಕೆಗಳು ಟೈಕೊನಾಟ್ ಎನ್ನುತ್ತವೆ. ನಮ್ಮವನಾದರೆ ಗಗನಯಾತ್ರಿ, ವ್ಯೋಮನಾಟ್ ಎನ್ನುವವರೂ ಇದ್ದಾರೆ. ಇದೆಲ್ಲ ಬಾಯಿಪಾಠ ಮಾಡಿಕೊಂಡೇ ಅವಳು ವೇದಿಕೆ ಹತ್ತಿದ್ದಳು. ಎಲ್ಲರೂ ಹೋಗುವುದು ಅದೇ ಆಕಾಶಕ್ಕೆ, ತೇಲುವುದೂ ಒಂದೇ ರೀತಿ. ಹೆಸರಿನಲ್ಲಿ ಮಾತ್ರ ಯಾರೂ ರಾಜಿಯಾಗಲಿಲ್ಲ. ದೊಡ್ಡ ದೊಡ್ಡ ದೇಶಗಳು ಹಟ ಹಿಡಿದು ಕೂತ ವಿಷಯವನ್ನು ತಾವು ಚಹಾ ಆರುವುದರೊಳಗೆ ಇತ್ಯರ್ಥ ಮಾಡಿಬಿಟ್ಟಿರಿ! ವಿಶ್ವಸಂಸ್ಥೆಗೆ ತಮ್ಮ ವಿಳಾಸ ಗೊತ್ತಿಲ್ಲದಿರುವುದು ಜಗತ್ತಿನ ದುರ್ದೈವ.

ನನ್ನ ಮಗ ವಿನೀತ ತಮ್ಮನ್ನು ಕಾಣಲು ಬಂದಾಗ, “ಉತ್ತರ ಅಸ್ಟ್ರೋನಾಟ್, ವಿಷಯ ಮುಗಿಯಿತು” ಎಂದಿರಂತೆ. ಅವನೋ ಹೆಸರಿಗೆ ತಕ್ಕ ಸಾಧು, ನಮಸ್ಕಾರ ಹೇಳಿ ವಾಪಸು ಬಂದ.

“ಹೋಗ್ಲಿ ಬಿಡವ್ವಾ, ದೊಡ್ಡವ್ರ ಸಂಗಡ ಯಾಕ ವಾದ?”

“ಬಾಯಿ ಇಟಗೊಂಡು ಸುಮ್ನ ಯಾಕ ಬಂದಿ?” ಎಂದು ಬೈದೆ. ಮಾತು ನುಂಗಿಕೊಂಡು ಕೂಡುವ ಪೈಕಿ ನಾನಲ್ಲ, ಅದಕ್ಕೇ ಈ ಪತ್ರ.

ಬಹುಮಾನ ಹಾಳಾಗಿ ಹೋಗಲಿ. ಮೊನ್ನೆ ಇಲ್ಲೇ ಹತ್ತಿರದ ಕೊಂಢವಾದಿಂದ ಚಂದ್ರಪ್ಪ ಎಂಬ ಹೊಸಬರು ನಲ್ಲಿ ರಿಪೇರಿಗೆ ಬಂದರು. ನಮ್ಮ ಕನ್ನಡ ಕೇಳಿ ಅವರಿಗೆ ಭಾರಿ ಹಿಗ್ಗು. ಪೂರ್ವಾ ನೀರು, ಬೆಲ್ಲ ಇಟ್ಟು ತುಟಿ ಬಿಚ್ಚದೆ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ, “ಯಾಕವ್ವಾ, ಅವ್ರ ಊರು ಕೇಳಲಿಲ್ಲ?” ಎಂದೆ.

“ಕೇಳಿದ್ರ ಸಿಟ್ಟಿಗೇಳ್ತಾರ, ಅಜ್ಜಿ.”

ಪ್ರಶ್ನೆ ಕೇಳಲು ಹೆದರುವ ಮಗುವನ್ನು ತಯಾರು ಮಾಡಿ ಕೊಟ್ಟವರಿಗೆ ವಿಜ್ಞಾನ ಸ್ಪರ್ಧೆಯ ಕುರ್ಚಿಯೇ? ಶಿವಶಿವಾ!

ಮುಂದಿನ ತಿಂಗಳು ಜಿಲ್ಲಾ ಸುತ್ತು ಇದೆ. ಅವಳನ್ನು ತಂಡಕ್ಕೆ ಮರಳಿ ಸೇರಿಸಬೇಕು. ಅಷ್ಟೇ ಸಾಲದು; ತಾವು ಖುದ್ದಾಗಿ ನಮ್ಮ ಮನೆಗೆ ಬರಬೇಕು. ಪೂರ್ವಾ ನೀರು ತಂದು ಕೊಡುತ್ತಾಳೆ. ಕುಡಿದು, ಸುಮ್ಮನೆ ಕೂತಿರಬೇಕು. ಅವಳಾಗಿ ಬಾಯಿಬಿಟ್ಟು ತಮ್ಮ ಊರು ಕೇಳುವ ತನಕ ಎದ್ದು ಹೋಗುವಂತಿಲ್ಲ.

ಇಂತಿ,
ಕೂಸಿಗೆ ಈ ಕೆಟ್ಟ ಚಾಳಿ ಕಲಿಸಿದ ಮುದುಕಿ
ರಂಗೂಬಾಯಿ
ಧನಕವಡಿ, ಪುಣೆ